ನೆಲದ ಮೇಲೆ ನಿಂತು ಹಾರಿಸುವ ವಿದ್ಯೆ: ಮಾದರಿ ವಿಮಾನಗಳ ಚರಿತ್ರೆ ಮತ್ತು ನೈರೋಬಿಯ ಗಾಳಿ

(ಸಂಘದ ಕುಟುಂಬ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಂದಿನ ಉಪನ್ಯಾಸದ ವಿಷಯವನ್ನು ಕೇಳಿ ತಮ್ಮಲ್ಲಿ ಕೆಲವರು ಮುಗುಳ್ನಕ್ಕಿರಬಹುದು. ವಚನಕಾರರನ್ನೋ ವಿಜಯನಗರವನ್ನೋ ಕುರಿತು ಮಾತು ನಡೆಯಬೇಕಾದ ವೇದಿಕೆಯಲ್ಲಿ ರೇಡಿಯೋ ನಿಯಂತ್ರಿತ ಆಟದ ವಿಮಾನದ ಚರಿತ್ರೆಯೇ ಎಂದು. ಆದರೆ ಆಟಿಕೆ ಎನ್ನುವ ಮಾತನ್ನು ನಾವು ಸ್ವಲ್ಪ ಎಚ್ಚರದಿಂದ ಬಳಸಬೇಕು. ಮನುಷ್ಯ ಹಾರುವುದಕ್ಕೆ ಬಹಳ ಮೊದಲೇ ಅವನು ಮಾಡಿದ ಮಾದರಿ ಹಾರಿತ್ತು. ಆ ಮಾದರಿಯನ್ನು ಹಾರಿಸಿದವನು ಅದನ್ನು ತನ್ನ ಕೈಯಿಂದಲೇ ಕಟ್ಟಿದ್ದ, ಬಿದ್ದು ಮುರಿದಾಗ ತಾನೇ ಜೋಡಿಸಿದ್ದ. ಹಾರಿಸುವ ವಿದ್ಯೆ ಮತ್ತು ದುರಸ್ತಿಯ ವಿದ್ಯೆ ಎಂಬ ಈ ಎರಡೂ ಬಹುಕಾಲ ಒಂದೇ ಆಗಿದ್ದುವು. ಈಚಿನ ವರ್ಷಗಳಲ್ಲಿ ಅವು ಬೇರೆಯಾಗಿವೆ. ಪೆಟ್ಟಿಗೆ ತೆರೆದ ಕೂಡಲೇ ಹಾರುವ, ಗಾಳಿಯಲ್ಲಿ ತನ್ನನ್ನು ತಾನೇ ಸಮತೋಲನದಲ್ಲಿಟ್ಟುಕೊಳ್ಳುವ ಡ್ರೋನ್ ನಮ್ಮ ಮಕ್ಕಳ ಕೈಗೆ ಬಂದಿದೆ. ಅದು ಕೆಟ್ಟರೆ ಮನೆಯಲ್ಲಿ ಯಾರಿಗೂ ಅದರ ಒಳಗು ತಿಳಿಯದು. ಈ ಬೇರ್ಪಡೆಯಿಂದ ನಾವು ಕಳೆದುಕೊಳ್ಳುತ್ತಿರುವುದು ಏನು ಎಂಬುದೇ ನಮ್ಮ ಇಂದಿನ ಜಿಜ್ಞಾಸೆ.

ನೈರೋಬಿಯಲ್ಲಿ ಈ ಮಾತನ್ನು ಆಡುವುದಕ್ಕೆ ಕಾರಣವೂ ಇದೆ. ಲಂಗಾಟಾ ರಸ್ತೆಯ ಪಕ್ಕದ ವಿಲ್ಸನ್ ನಿಲ್ದಾಣದಿಂದ ಏಳುವ ಸಣ್ಣ ವಿಮಾನಗಳ ಸದ್ದನ್ನು ಇಲ್ಲಿಯ ಅನೇಕ ಕುಟುಂಬಗಳು ದಿನವೂ ಕೇಳುತ್ತವೆ. ಪೂರ್ವ ಆಫ್ರಿಕಾದ ಏರೋ ಕ್ಲಬ್ 1927ರಲ್ಲಿ ಸ್ಥಾಪಿತವಾಯಿತು. 1929ರಲ್ಲಿ ಫ್ಲಾರೆನ್ಸ್ ಕೆರ್ ವಿಲ್ಸನ್ ಎಂಬ ಮಹಿಳೆ ಟಾಮ್ ಕ್ಯಾಂಪ್‌ಬೆಲ್ ಬ್ಲ್ಯಾಕ್ ಎಂಬ ವೈಮಾನಿಕನ ನೆರವಿನಿಂದ ವಿಲ್ಸನ್ ಏರ್‌ವೇಸ್ ಸಂಸ್ಥೆಯನ್ನು ಆರಂಭಿಸಿದರು. 1962ರಲ್ಲಿ ನಿಲ್ದಾಣಕ್ಕೆ ಆಕೆಯ ಹೆಸರೇ ಬಂತು. ಆ ಕಾಲದ ಮಾತ್ ವಿಮಾನಗಳು ಮರದ ಹಂದರದ ಮೇಲೆ ಬಟ್ಟೆ ಬಿಗಿದು, ಬಟ್ಟೆಗೆ ಬಿಗಿತ ಕೊಡುವ ಡೋಪ್ ಎಂಬ ಲೇಪ ಬಳಿದು ಮಾಡಿದಂಥವು. ಒಳ್ಳೆಯ ಮಾದರಿ ವಿಮಾನವನ್ನು ಕಟ್ಟುವ ಕ್ರಮವೂ ಬಹುಕಾಲ ಇದೇ ಆಗಿತ್ತು. ದೊಡ್ಡದಕ್ಕೂ ಚಿಕ್ಕದಕ್ಕೂ ಅಳತೆಯಲ್ಲಿ ಭೇದವಿತ್ತೇ ಹೊರತು ಜಾತಿಯಲ್ಲಿ ಇರಲಿಲ್ಲ.

ಚರಿತ್ರೆಯನ್ನು ಎಲ್ಲಿಂದ ಆರಂಭಿಸಬೇಕು? ಇಂಗ್ಲೆಂಡಿನ ಜಾರ್ಜ್ ಕೇಲಿ 1804ರಲ್ಲಿ ಒಂದು ಕೋಲಿಗೆ ಗಾಳಿಪಟದಂಥ ರೆಕ್ಕೆಯನ್ನೂ ತುದಿಯಲ್ಲಿ ಬಾಲವನ್ನೂ ಜೋಡಿಸಿ ತೇಲಿಬಿಟ್ಟದ್ದು ಒಂದು ಒಳ್ಳೆಯ ಆರಂಭ. ಇಂದಿನ ವಿಮಾನದ ಆಕಾರ ಅದರಲ್ಲಿ ಆಗಲೇ ಇದೆ. ಆದರೆ ನಮಗೆ ಇನ್ನೂ ಪ್ರಿಯನಾದವನು ಫ್ರಾನ್ಸಿನ ಆಲ್ಫೋನ್ಸ್ ಪೆನೋ. 1871ರ ಆಗಸ್ಟ್ 18ರಂದು ಪ್ಯಾರಿಸಿನ ತ್ವಿಲರೀ ಉದ್ಯಾನದಲ್ಲಿ, ತಿರುಚಿದ ರಬ್ಬರಿನ ಎಳೆಯಿಂದ ಪ್ರೊಪೆಲ್ಲರ್ ತಿರುಗುವ ತನ್ನ ಪುಟ್ಟ ಯಂತ್ರವನ್ನು ಅವನು ಹಾರಿಬಿಟ್ಟ. 11 ಸೆಕೆಂಡುಗಳಲ್ಲಿ ಅದು ಸುಮಾರು 40 ಮೀಟರ್ ಸಾಗಿತು. ಅಂಕಿ ಚಿಕ್ಕದು, ಆದರೆ ಅದರ ಹಿಂದಿನ ತಿಳಿವು ದೊಡ್ಡದು. ಬಾಲದ ಹಲಗೆಯನ್ನು ರೆಕ್ಕೆಗಿಂತ ತುಸು ಕೆಳಮುಖದ ಕೋನದಲ್ಲಿ ಇಟ್ಟರೆ, ಮೂಗು ಮೇಲೆದ್ದಾಗ ತಾನಾಗಿ ಕೆಳಗಿಳಿಯುತ್ತದೆ, ಕೆಳಗಿಳಿದಾಗ ತಾನಾಗಿ ಏಳುತ್ತದೆ ಎಂಬುದನ್ನು ಅವನು ಕಂಡುಕೊಂಡಿದ್ದ. ಹಾರಿಸುವವನ ಕೈ ತಲುಪದ ಯಂತ್ರಕ್ಕೆ ತನ್ನದೇ ಆದ ವಿವೇಕವನ್ನು ಆಕಾರದಲ್ಲಿಯೇ ತುಂಬುವ ಉಪಾಯವಿದು. ಮನ್ನಣೆ ಸಿಗದೆ ನೊಂದ ಪೆನೋ ಮೂವತ್ತರ ಹರೆಯದಲ್ಲಿ, 1880ರಲ್ಲಿ, ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಅದಕ್ಕೆ ಎರಡು ವರ್ಷ ಮೊದಲು, ಅಮೆರಿಕದಲ್ಲಿ ಒಬ್ಬ ಪಾದ್ರಿ ತನ್ನ ಇಬ್ಬರು ಚಿಕ್ಕ ಗಂಡುಮಕ್ಕಳಿಗೆ ಪೆನೋನ ಬಗೆಯದೇ ಆದ ರಬ್ಬರಿನ ಹಾರುವ ಆಟಿಕೆಯೊಂದನ್ನು ತಂದುಕೊಟ್ಟಿದ್ದರು. ಅದು ಮುರಿಯಿತು. ಮಕ್ಕಳು ಅದನ್ನು ನೋಡಿ ಇನ್ನೊಂದು ಮಾಡಿಕೊಂಡರು. ಆ ಮಕ್ಕಳೇ ವಿಲ್ಬರ್ ಮತ್ತು ಆರ್ವಿಲ್ ರೈಟ್.

ಇಲ್ಲಿ ಒಂದು ಮಾತನ್ನು ಪಕ್ಕದಲ್ಲಿ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಕೂಟಗಳಲ್ಲಿ ವಿಮಾನದ ಪ್ರಸ್ತಾಪ ಬಂದಾಗಲೆಲ್ಲ ಯಾರಾದರೊಬ್ಬರು ಕೇಳದೆ ಇರುವುದಿಲ್ಲ. ಪ್ರಾಚೀನ ವಿಮಾನಶಾಸ್ತ್ರವೆಂದು ಪ್ರಚಾರದಲ್ಲಿರುವ ‘ವೈಮಾನಿಕ ಶಾಸ್ತ್ರ’ ನಮ್ಮ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಬಾಯಿಂದ ಹೇಳಿ ಬರೆಯಿಸಿದ್ದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಕೂಲಂಕಷವಾಗಿ ಪರಿಶೀಲಿಸಿ, ಅದರ ರಚನೆ 1904ಕ್ಕಿಂತ ಹಿಂದಿನದಲ್ಲವೆಂದೂ, ಅಲ್ಲಿ ವರ್ಣಿತವಾದ ಯಂತ್ರಗಳು ಹಾರಲಾರವೆಂದೂ ತೀರ್ಮಾನಿಸಿದರು. ಪೂರ್ವಜರ ಮೇಲಿನ ಗೌರವಕ್ಕೆ ಇದರಿಂದ ಕುಂದಿಲ್ಲ. ಆದರೆ ಹಾರುವ ವಿದ್ಯೆಯಲ್ಲಿ ಪ್ರಮಾಣವೆಂದರೆ ಹಾರಿ ತೋರಿಸುವುದೊಂದೇ. ಪೆನೋನ ಯಂತ್ರ ಹನ್ನೊಂದೇ ಸೆಕೆಂಡು ಹಾರಿದ್ದರೂ ಜನರ ಕಣ್ಣೆದುರಿಗೆ ಹಾರಿತು.

ಪೆನೋನ ಮಾದರಿಗೂ ಅದರ ಅನಂತರದ ಅರುವತ್ತು ವರ್ಷಗಳ ಮಾದರಿಗಳಿಗೂ ಒಂದು ಮಿತಿ ಇತ್ತು. ಕೈಬಿಟ್ಟ ಮೇಲೆ ಅವು ಗಾಳಿಯ ಪಾಲು. ಗಾಳಿ ಕೊಂಡೊಯ್ದಲ್ಲಿಗೆ ಹುಡುಗರು ಓಡಬೇಕಾಗಿತ್ತು. ದೂರದಿಂದ ಯಂತ್ರವನ್ನು ನಡೆಸಬಹುದೆಂದು ಮೊದಲು ತೋರಿಸಿಕೊಟ್ಟವನು ನಿಕೋಲಾ ಟೆಸ್ಲಾ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಕೊಳದಲ್ಲಿ ಅವನು ಒಂದು ಪುಟ್ಟ ದೋಣಿಯನ್ನು ತಂತಿಯ ನಂಟಿಲ್ಲದೆ ತಿರುಗಿಸಿದ. ಆದರೆ ದೋಣಿಗೆ ಭಾರದ ಚಿಂತೆಯಿಲ್ಲ. ಭಾರವಾದ ರೇಡಿಯೋ ಯಂತ್ರವನ್ನು ಹೊತ್ತು ಹಾರುವ ಮಾದರಿಯನ್ನು ಕಟ್ಟಲು ಮತ್ತೆ ನಾಲ್ವತ್ತು ವರ್ಷ ಬೇಕಾಯಿತು. ಅಮೆರಿಕದ ಕಲಮಝೂ ಎಂಬ ಊರಿನ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು 1937ರಲ್ಲಿ ‘ಗಫ್’ ಎಂಬ, ಸುಮಾರು 8 ಅಡಿ ರೆಕ್ಕೆಯ ಮಾದರಿಯನ್ನು ರೇಡಿಯೋ ಮೂಲಕ ಹಾರಿಸಿದರು. ಒಬ್ಬನಿಗೆ ವಿಮಾನದ ಹುಚ್ಚು, ಇನ್ನೊಬ್ಬನಿಗೆ ಹವ್ಯಾಸಿ ರೇಡಿಯೋದ ಹುಚ್ಚು. ಇಬ್ಬರೂ ಒಂದೇ ಮನೆಯವರಾದದ್ದು ಲೋಕಕ್ಕೆ ಒದಗಿದ ಭಾಗ್ಯ. ಆ ‘ಗಫ್’ 1960ರಲ್ಲಿ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು.

ಅದೇ ದಶಕದಲ್ಲಿ ಸೈನ್ಯಗಳೂ ಈ ವಿದ್ಯೆಯತ್ತ ಕಣ್ಣು ಹಾಯಿಸಿದುವು. ಬ್ರಿಟನ್ನಿನಲ್ಲಿ 1935ರಲ್ಲಿ ಟೈಗರ್ ಮಾತ್ ವಿಮಾನವನ್ನೇ ರೇಡಿಯೋ ನಿಯಂತ್ರಣಕ್ಕೆ ಅಳವಡಿಸಿ, ಫಿರಂಗಿ ದಳದವರ ಗುರಿ ಅಭ್ಯಾಸಕ್ಕಾಗಿ ‘ಕ್ವೀನ್ ಬೀ’, ಅಂದರೆ ರಾಣಿ ಜೇನು, ಎಂಬ ಯಂತ್ರವನ್ನು ಮಾಡಿದರು. ಈ ರಾಣಿಯ ಹೆಸರನ್ನು ಅನುಸರಿಸಿ ಅಮೆರಿಕದವರು ತಮ್ಮ ಯಂತ್ರಗಳಿಗೆ ‘ಡ್ರೋನ್’, ಎಂದರೆ ಗಂಡು ಜೇನು, ಎಂದು ಹೆಸರಿಟ್ಟರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇತ್ತ ಹಾಲಿವುಡ್ಡಿನಲ್ಲಿ ರೆಜಿನಾಲ್ಡ್ ಡೆನ್ನಿ ಎಂಬ ನಟ ಮಾದರಿ ವಿಮಾನಗಳ ಅಂಗಡಿ ತೆರೆದು, ಆ ಹವ್ಯಾಸದಿಂದಲೇ ರೇಡಿಯೋಪ್ಲೇನ್ ಎಂಬ ಕಾರ್ಖಾನೆಯನ್ನು ಬೆಳೆಸಿದ. ಎರಡನೆಯ ಮಹಾಯುದ್ಧದಲ್ಲಿ ಸುಮಾರು 15,000 ಗುರಿವಿಮಾನಗಳು ಆ ಸಂಸ್ಥೆಯಿಂದ ಹೊರಬಂದುವು. ಅಲ್ಲಿ ದುಡಿಯುತ್ತಿದ್ದ ನಾರ್ಮಾ ಜೀನ್ ಎಂಬ ತರುಣಿಯ ಚಿತ್ರವನ್ನು ಸೈನ್ಯದ ಛಾಯಾಗ್ರಾಹಕನೊಬ್ಬ ತೆಗೆದ. ಆಕೆ ಮುಂದೆ ಮರ್ಲಿನ್ ಮನ್ರೋ ಆದಳು. ಇದು ನಮ್ಮ ವಿಷಯಕ್ಕೆ ಸೇರಿದ್ದಲ್ಲವಾದರೂ ಬಿಡಲು ಮನಸ್ಸಾಗಲಿಲ್ಲ.

ಯುದ್ಧಾನಂತರದ ಹವ್ಯಾಸಿಯ ಪಾಡು ಎಂಥದಿತ್ತೆಂಬುದನ್ನು ಇಂದಿನ ಮಕ್ಕಳಿಗೆ ತಿಳಿಸುವುದು ಕಷ್ಟ. ಅವನ ಟ್ರಾನ್ಸ್‌ಮಿಟರಿನಲ್ಲಿ ಇದ್ದದ್ದು ಒಂದೇ ಗುಂಡಿ. ಗುಂಡಿ ಒತ್ತಿದರೆ ವಿಮಾನದೊಳಗಿನ ರಬ್ಬರಿನ ಎಳೆಯೊಂದು ಒಂದು ಹಲ್ಲಿನಷ್ಟು ಬಿಚ್ಚಿಕೊಂಡು ಬಾಲದ ಚುಕ್ಕಾಣಿಯನ್ನು ಪೂರ್ತಿ ಎಡಕ್ಕೆ ಎಳೆಯುತ್ತಿತ್ತು. ಮತ್ತೊಮ್ಮೆ ಒತ್ತಿದರೆ ಪೂರ್ತಿ ಬಲಕ್ಕೆ. ಸ್ವಲ್ಪ ಎಡ, ಸ್ವಲ್ಪ ಬಲ ಎಂಬುದೇ ಇರಲಿಲ್ಲ. ಬಳಿಕ ‘ರೀಡ್’ ಪದ್ಧತಿ ಬಂತು. ಹಾರ್ಮೋನಿಯಮ್ಮಿನೊಳಗೆ ಸ್ವರಕ್ಕೊಂದು ಪಟ್ಟಿ ಇರುವಂತೆ ರಿಸೀವರಿನಲ್ಲಿ ಕೆಲವು ಲೋಹದ ಪಟ್ಟಿಗಳು. ನೆಲದಿಂದ ಕಳುಹಿಸಿದ ಸ್ವರಕ್ಕೆ ಯಾವ ಪಟ್ಟಿ ಕಂಪಿಸುತ್ತದೋ ಅದಕ್ಕೆ ಸೇರಿದ ಅಂಗ ಚಲಿಸುತ್ತಿತ್ತು. 1960ರ ದಶಕದಲ್ಲಿ, ಕೋಲನ್ನು ಎಷ್ಟು ಸರಿಸಿದರೆ ಅಷ್ಟೇ ಪ್ರಮಾಣದಲ್ಲಿ ವಿಮಾನದ ಅಂಗವೂ ಸರಿಯುವ ಡಿಜಿಟಲ್ ಪದ್ಧತಿ ಬಂದಾಗ ಮಾತ್ರ ಈ ವಿದ್ಯೆ ಸಾಮಾನ್ಯರ ಕೈಗೆ ನಿಜವಾಗಿ ಎಟುಕಿತು.

ಆದರೂ ಒಂದು ಅಪಾಯ ಉಳಿದಿತ್ತು. ಒಂದೇ ಮೈದಾನದಲ್ಲಿ ಇಬ್ಬರು ಒಂದೇ ಆವರ್ತನದಲ್ಲಿ ಟ್ರಾನ್ಸ್‌ಮಿಟರ್ ಹಚ್ಚಿದರೆ ಹಾರುತ್ತಿರುವ ವಿಮಾನಕ್ಕೆ ಇಬ್ಬರು ಯಜಮಾನರು. ಪರಿಣಾಮವನ್ನು ಹೇಳಬೇಕಾಗಿಲ್ಲ. ಆದುದರಿಂದ ಪ್ರತಿಯೊಂದು ಮೈದಾನದಲ್ಲಿಯೂ ಒಂದು ಹಲಗೆ. ಅದರಲ್ಲಿ ಆವರ್ತನಕ್ಕೊಂದು ಬಟ್ಟೆಯ ಕ್ಲಿಪ್ಪು. ಆ ಕ್ಲಿಪ್ಪು ಯಾರ ಬಳಿ ಇದೆಯೋ ಅವನಿಗೆ ಮಾತ್ರ ಸ್ವಿಚ್ಚು ಹಾಕುವ ಅಧಿಕಾರ. ಹಳ್ಳಿಯ ಕಾಲುವೆಯಲ್ಲಿ ನೀರಿನ ಸರದಿ ಕಾಯುವಂತೆ ಜನ ಕಾಯುತ್ತಿದ್ದರು, ಕಾಯುತ್ತ ಒಬ್ಬರ ವಿಮಾನವನ್ನೊಬ್ಬರು ನೋಡಿ ಕಲಿಯುತ್ತಿದ್ದರು. 2005ರ ಸುಮಾರಿಗೆ 2.4 ಗಿಗಾಹರ್ಟ್ಸ್ ಉಪಕರಣಗಳು ಬಂದು, ಪ್ರತಿ ಟ್ರಾನ್ಸ್‌ಮಿಟರ್ ತನ್ನ ರಿಸೀವರನ್ನು ಮಾತ್ರ ಗುರುತಿಸುವಂತಾದಾಗ ಹಲಗೆಯೂ ಹೋಯಿತು, ಕ್ಲಿಪ್ಪೂ ಹೋಯಿತು. ಒಬ್ಬಂಟಿಯಾಗಿ ಹಾರಿಸುವುದು ಆಗ ಸುಲಭವಾಯಿತು. ಅದು ಲಾಭವೆಂಬುದರಲ್ಲಿ ಸಂಶಯವಿಲ್ಲ. ಪೂರ್ಣ ಲಾಭವೇ ಎಂಬುದರಲ್ಲಿ ನಮಗೆ ಸಂಶಯವಿದೆ.

ಇನ್ನು ಎಂಜಿನ್ನಿನ ಕಥೆ. 1947ರಲ್ಲಿ ರೇ ಆರ್ಡೆನ್ ಎಂಬಾತ ಗ್ಲೋ ಪ್ಲಗ್ಗನ್ನು ಬಳಕೆಗೆ ತಂದ. ಒಮ್ಮೆ ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ಕಾಯಿಸಿದರೆ, ಬಳಿಕ ಅದರ ಪ್ಲಾಟಿನಂ ಸುರುಳಿ ಮೆಥನಾಲಿನ ಸಂಗದಲ್ಲಿ ತಾನೇ ಕೆಂಪಗೆ ಉರಿಯುತ್ತಿರುತ್ತದೆ. ಕಿಡಿ ಹೊತ್ತಿಸುವ ಸುರುಳಿ, ಬ್ಯಾಟರಿಗಳ ಭಾರವೆಲ್ಲ ತಪ್ಪಿತು. ಈ ಪುಟ್ಟ ಎಂಜಿನ್ನುಗಳ ಇಂಧನದಲ್ಲಿ ಬಹುಪಾಲು ಮೆಥನಾಲ್, ತುಸು ನೈಟ್ರೋಮೀಥೇನ್, ಮತ್ತು ಸುಮಾರು ಐದನೆಯ ಒಂದು ಭಾಗ ಎಣ್ಣೆ. ಯಾವ ಎಣ್ಣೆ? ನಮ್ಮ ಅಜ್ಜಿಯಂದಿರು ಹಿಡಿದು ಕೂರಿಸಿ ಕುಡಿಸುತ್ತಿದ್ದ ಹರಳೆಣ್ಣೆ! ಅತಿಯಾದ ಶಾಖದಲ್ಲಿಯೂ ಲೋಹದ ಮೇಲೆ ಪೊರೆಯಾಗಿ ನಿಲ್ಲುವ ಗುಣ ಅದಕ್ಕಿದೆ. ಮೊದಲನೆಯ ಮಹಾಯುದ್ಧದ ವಿಮಾನಗಳ ತಿರುಗುವ ಎಂಜಿನ್ನುಗಳೂ ಹರಳೆಣ್ಣೆಯಿಂದಲೇ ನಡೆದುವು. ಅದರ ಹೊಗೆ ಸೇವಿಸಿದ ವೈಮಾನಿಕರ ಹೊಟ್ಟೆಯ ಅವಸ್ಥೆಯನ್ನು ತಾವೇ ಊಹಿಸಿಕೊಳ್ಳಬಹುದು. ಮಾದರಿ ವಿಮಾನದ ಮೈಮೇಲೆ ಈ ಎಣ್ಣೆ ಜಿಡ್ಡಾಗಿ ಕೂರುತ್ತದೆ. ಹಾರಾಟ ಮುಗಿದ ಸಂಜೆಯೇ ಒರೆಸದಿದ್ದರೆ ಮರದ ಸಂದುಗಳಿಗೆ ಇಳಿದು ಅಂಟು ಬಿಡಿಸುತ್ತದೆ. ತೊಟ್ಟಿಯಲ್ಲಿ ಉಳಿದ ಇಂಧನವನ್ನು ತೆಗೆದು, ಎಂಜಿನ್ನಿನೊಳಗೆ ಕೆಲವು ಹನಿ ಎಣ್ಣೆ ಬಿಟ್ಟು ಕೈಯಿಂದ ತಿರುಗಿಸಿಡದಿದ್ದರೆ, ಮೆಥನಾಲ್ ಹೀರಿಕೊಂಡ ನೀರಿನಂಶದಿಂದ ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ದನ ಕಟ್ಟಿದ ಮನೆಯಲ್ಲಿ ಸಂಜೆಯ ಕೆಲಸ ತಪ್ಪದಂತೆ ಇಲ್ಲಿಯೂ ತಪ್ಪದು.

ಈಗ ಬೆಂಗಳೂರಿನತ್ತ ತಿರುಗೋಣ, ಏಕೆಂದರೆ ಮಾದರಿಯಿಂದ ಯಂತ್ರಕ್ಕೆ ಏರುವ ಈ ದಾರಿ ನಮ್ಮ ನಾಡಿನಲ್ಲಿಯೂ ಇತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಾಯದಿಂದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಅಲ್ಲಿ ಸ್ಥಾಪಿಸಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಭಾಗ ತೆರೆಯಿತು. ಜರ್ಮನಿಯ ಗಟಿಂಗೆನ್ನಿನಲ್ಲಿ ಲುಡ್ವಿಗ್ ಪ್ರಾಂಟ್ಲರ ಬಳಿ ಕಲಿತಿದ್ದ ವಿ.ಎಂ. ಘಾಟಗೆಯವರ ಮುಂದಾಳುತನದಲ್ಲಿ ರೂಪುಗೊಂಡ ಎಚ್.ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಬೆಂಗಳೂರಿನ ಆಕಾಶಕ್ಕೇರಿತು. ಆಫ್ರಿಕಾದಲ್ಲಿ ನೆಲೆಸಿದ ನಾವು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ ಇದು: 1959ರಲ್ಲಿ ಘಾನಾ ದೇಶದ ವಾಯುಪಡೆ ಭಾರತೀಯ ಅಧಿಕಾರಿಗಳ ನೆರವಿನಿಂದ ಆರಂಭವಾದಾಗ ಅಲ್ಲಿಯ ತರುಣರು ಹಾರಲು ಕಲಿತದ್ದು ಬೆಂಗಳೂರಿನಲ್ಲಿ ತಯಾರಾದ ಈ ಎಚ್.ಟಿ-2 ವಿಮಾನಗಳಲ್ಲಿ.

1958ರಲ್ಲಿ ಬಂದ ಪುಷ್ಪಕ್, ಬಟ್ಟೆ ಹೊದಿಸಿದ ಎರಡು ಆಸನಗಳ ಪುಟ್ಟ ವಿಮಾನ. ಜಕ್ಕೂರಿನ ಮೈದಾನದಲ್ಲಿ ಅದನ್ನು ಕಂಡವರಿಗೆ, ದೊಡ್ಡ ಮಾದರಿಯೊಂದರಲ್ಲಿ ಮನುಷ್ಯರು ಕುಳಿತಂತೆ ಕಾಣುತ್ತಿತ್ತು. ಮರುತ್ ಯುದ್ಧವಿಮಾನದ ಕಥೆ ಇನ್ನೂ ಸ್ವಾರಸ್ಯಕರ. ಜರ್ಮನ್ ತಜ್ಞ ಕುರ್ಟ್ ಟ್ಯಾಂಕರು ಜೆಟ್ ಎಂಜಿನ್ ಕೂರಿಸುವ ಮುಂಚೆ, 1959ರಲ್ಲಿ, ನಿಜವಾದ ಅಳತೆಯ ಮರದ ಗ್ಲೈಡರನ್ನೇ ಬೆಂಗಳೂರಿನಲ್ಲಿ ಕಟ್ಟಿಸಿದರು. ಡಕೋಟ ವಿಮಾನ ಅದನ್ನು ಹಗ್ಗದಿಂದ ಎಳೆದುಕೊಂಡು ಮೇಲೇರಿ ಬಿಟ್ಟುಬಿಡುತ್ತಿತ್ತು. ಆ ಮರದ ಹಕ್ಕಿಯಿಂದ ಕಲಿತ ಪಾಠಗಳನ್ನು ಹೊತ್ತು ನಿಜವಾದ ಮರುತ್ 1961ರ ಜೂನ್ 17ರಂದು ಹಾರಿತು. ಶಬ್ದದ ವೇಗವನ್ನು ಸಮೀಪಿಸುವ ಯಂತ್ರವೂ ಮೊದಲು ಎಂಜಿನ್ನಿಲ್ಲದ ಮಾದರಿಯಾಗಿ ತೇಲಬೇಕಾಯಿತು!

ಒಂದು ನೋಟ ಏನು ಮಾಡಬಲ್ಲದೆಂಬುದಕ್ಕೂ ಬೆಂಗಳೂರಿನಲ್ಲಿ ನಿದರ್ಶನವಿದೆ. ಕನ್ನಡದಲ್ಲಿ ಖಗೋಳ ವಿಜ್ಞಾನವನ್ನು ಸೊಗಸಾಗಿ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ ರೊದ್ದಂ ನರಸಿಂಹ ಅವರು ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಪ್ರದರ್ಶನಕ್ಕಿಟ್ಟಿದ್ದ ಸ್ಪಿಟ್‌ಫೈರ್ ವಿಮಾನವನ್ನು ಕಂಡು ಮರುಳಾಗಿ ವಿಮಾನ ವಿಜ್ಞಾನದ ದಾರಿ ಹಿಡಿದರು. 1984ರಿಂದ 1993ರವರೆಗೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾಗಿದ್ದವರು ಅವರೇ. ಎನ್.ಸಿ.ಸಿ.ಯ ವಾಯು ವಿಭಾಗದಲ್ಲಿ ಮಾದರಿ ವಿಮಾನ ಕಟ್ಟುವುದು ಇಂದಿಗೂ ಶಿಕ್ಷಣದ ಒಂದು ಅಂಗ. ಇಲ್ಲಿರುವ ಹಿರಿಯರಲ್ಲಿ ಕೆಲವರ ಬೆರಳುಗಳಿಗೆ ಆ ಬಾಲ್ಸಾ ಮರದ ಪುಡಿ, ಬ್ಲೇಡಿನ ಗಾಯ ನೆನಪಿರಬಹುದು.

ಹೀಗೆ ಬೆಂಗಳೂರಿನಲ್ಲಿ ಕಲಿತು ಬಂದವನೊಬ್ಬ ತನ್ನ ಮಾದರಿಯನ್ನು ನೈರೋಬಿಯಲ್ಲಿ ಹಾರಿಸಿದರೆ ಏನಾಗುತ್ತದೆ? ಅದೇ ವಿಮಾನ, ಅದೇ ಕೈ, ಆದರೆ ಹಾರಾಟ ಬೇರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿದೆ, ವಿಲ್ಸನ್ ನಿಲ್ದಾಣ ಸುಮಾರು 5,500 ಅಡಿ ಎತ್ತರದಲ್ಲಿದೆ. ಬಿಸಿಲಿನ ಮಧ್ಯಾಹ್ನ ಸಮುದ್ರತೀರದ ಗಾಳಿಗಿಂತ ಬೆಂಗಳೂರಿನ ಗಾಳಿ ಏಳನೆಯ ಒಂದು ಭಾಗದಷ್ಟು ತೆಳುವಾದರೆ, ನೈರೋಬಿಯದು ಐದನೆಯ ಒಂದು ಭಾಗದಷ್ಟು ತೆಳು. ರೆಕ್ಕೆಯನ್ನು ಎತ್ತಿ ಹಿಡಿಯುವುದು ಈ ಗಾಳಿಯೇ ಆದುದರಿಂದ, ತೆಳುಗಾಳಿಯಲ್ಲಿ ವಿಮಾನ ವೇಗವಾಗಿ ಹೋದರೆ ಮಾತ್ರ ನಿಲ್ಲುತ್ತದೆ. ಮೊಂಬಾಸಾದ ಕಡಲತೀರದಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿಯುವ ಮಾದರಿ ಇಲ್ಲಿ 34 ಕಿಲೋಮೀಟರಿಗೆ ಹತ್ತಿರದ ವೇಗದಲ್ಲಿ ಇಳಿಯುತ್ತದೆ. ನಾಲ್ಕು ಕಿಲೋಮೀಟರ್ ಎಂದರೆ ಅಲ್ಪವೆನಿಸಬಹುದು. ಆದರೆ ನೆಲಕ್ಕೆ ಅಪ್ಪಳಿಸುವ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಏಟು ನಾಲ್ಕನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಇಳಿಯುವ ಚಕ್ರದ ತಂತಿ ಇಲ್ಲಿ ಬಾಗುವುದಕ್ಕೆ ಕಾರಣ ಇದು.

ಎಂಜಿನ್ನಿಗೂ ಇದೇ ಬಾಧೆ. ಉಸಿರಾಡುವ ಗಾಳಿ ಕಡಮೆಯಾದಷ್ಟೂ ಅದರ ಬಲ ಕುಗ್ಗುತ್ತದೆ. ಕಡಲತೀರದಲ್ಲಿ ಸರಿಯಾಗಿದ್ದ ಇಂಧನದ ಪ್ರಮಾಣ ಇಲ್ಲಿ ಅತಿಯಾಗಿ, ಎಂಜಿನ್ ಹೊಗೆಯುಗುಳುತ್ತ ಕೆಮ್ಮುತ್ತದೆ. ಕಾರ್ಬುರೇಟರಿನ ಸೂಜಿಯನ್ನು ತುಸು ಬಿಗಿಮಾಡಿ ಇಂಧನ ಕಡಮೆ ಮಾಡಬೇಕು. ಅತಿಯಾಗಿ ಬಿಗಿ ಮಾಡಿದರೆ ಎಣ್ಣೆಯೂ ಕಡಮೆಯಾಗಿ ಎಂಜಿನ್ ಸುಟ್ಟುಹೋಗುತ್ತದೆ. ವಿದ್ಯುತ್ ಮೋಟರಿಗೆ ಉಸಿರಿನ ಚಿಂತೆ ಇಲ್ಲ, ಆದರೆ ಅದರ ಪ್ರೊಪೆಲ್ಲರಿಗೆ ತಳ್ಳಲು ಗಾಳಿ ಸಾಲದು. ಒಂದಂಗುಲ ದೊಡ್ಡ ಪ್ರೊಪೆಲ್ಲರ್ ಹಾಕಿ, ಮೋಟರು ಬಿಸಿಯಾಗುತ್ತದೆಯೇ ಎಂದು ಕೈಯಿಟ್ಟು ನೋಡುವುದು ಇಲ್ಲಿಯ ಪರಿಹಾರ. ಈ ಯಾವುದನ್ನೂ ಪೆಟ್ಟಿಗೆಯೊಡನೆ ಬರುವ ಪುಸ್ತಿಕೆ ಹೇಳುವುದಿಲ್ಲ. ಅದನ್ನು ಬರೆದವರು ಸಮುದ್ರಮಟ್ಟದವರು.

ನೆಲದ ವಿಷಯದಲ್ಲಿ ಮಾತ್ರ ಉತ್ತರ ಕರ್ನಾಟಕದವರಿಗೆ ಇಲ್ಲಿ ಪರದೇಶವೆನಿಸದು. ಎಂಬಕಾಸಿಯಿಂದ ಆಥಿ ಬಯಲಿನವರೆಗೆ ಹಬ್ಬಿರುವುದು ನಮ್ಮ ಧಾರವಾಡದ ಎರೆಮಣ್ಣಿನಂಥದೇ ಕಪ್ಪು ಮಣ್ಣು. ಒಣಗಿದಾಗ ಬಿರುಕು, ನೆನೆದಾಗ ಅಂಟು. ಮಾರ್ಚಿಯಿಂದ ಮೇ ತಿಂಗಳವರೆಗಿನ ದೊಡ್ಡ ಮಳೆಯಲ್ಲಿಯೂ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಸಣ್ಣ ಮಳೆಯಲ್ಲಿಯೂ ಅದು ಪುಟ್ಟ ಚಕ್ರಗಳನ್ನು ಹಿಡಿದು ನಿಲ್ಲಿಸಿ ವಿಮಾನವನ್ನು ಮೂಗಿನ ಮೇಲೆ ಕೆಡವುತ್ತದೆ. ಬೆಳಗಿನ ಒಂಬತ್ತು ಗಂಟೆಯೊಳಗಿನ ನಿಶ್ಚಲವಾದ ಗಾಳಿ ಕಲಿಯುವವರಿಗೆ ಉತ್ತಮ. ಬಿಸಿಲೇರಿದಂತೆ ನೆಲದಿಂದ ಬಿಸಿಗಾಳಿಯ ಕಂಬಗಳು ಏಳತೊಡಗುತ್ತವೆ. ಹದ್ದುಗಳೂ ಮರಬೂ ಕೊಕ್ಕರೆಗಳೂ ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದನ್ನು ಕಂಡರೆ ಅಲ್ಲಿ ಕಂಬವಿದೆಯೆಂದು ತಿಳಿಯಬೇಕು. ನುರಿತವರು ಎಂಜಿನ್ ನಿಲ್ಲಿಸಿ ಅದೇ ಕಂಬದಲ್ಲಿ ಗ್ಲೈಡರನ್ನು ಏರಿಸುತ್ತಾರೆ.

ಕಲಿಯುವವರಿಗೆ ಎಲ್ಲೆಡೆಯೂ ಇರುವ ಕಷ್ಟ ಒಂದೇ. ವಿಮಾನ ನಮ್ಮಿಂದ ದೂರ ಹೋಗುವಾಗ ನಮ್ಮ ಎಡವೇ ಅದರ ಎಡ. ತಿರುಗಿ ನಮ್ಮೆಡೆಗೆ ಬರುವಾಗ ಎಲ್ಲವೂ ತಲೆಕೆಳಗು. ಆಗ ಬಾಗಿದ ರೆಕ್ಕೆ ಯಾವ ಕಡೆಗಿದೆಯೋ ಆ ಕಡೆಗೇ ಕೋಲನ್ನು ಸರಿಸಿದರೆ ರೆಕ್ಕೆ ಮೇಲೇಳುತ್ತದೆ ಎಂಬ ಸೂತ್ರವೊಂದೇ ಆಧಾರ. ಗುರುವಿನ ಟ್ರಾನ್ಸ್‌ಮಿಟರಿಗೂ ಶಿಷ್ಯನದಕ್ಕೂ ನಂಟು ಕಟ್ಟಿ, ಶಿಷ್ಯ ಎಡವಿದಾಗ ಗುರು ಒಂದು ಸ್ವಿಚ್ಚಿನಿಂದ ವಿಮಾನವನ್ನು ತನ್ನ ವಶಕ್ಕೆ ಪಡೆಯುವ ಏರ್ಪಾಡು ಬಹುಕಾಲದಿಂದ ಇದೆ. ಮೊದಲ ವಿಮಾನಕ್ಕೆ ರೆಕ್ಕೆ ಮೈಯ ಮೇಲ್ಗಡೆ ಇರಬೇಕು, ತುದಿಗಳು ತುಸು ಮೇಲಕ್ಕೆ ಬಾಗಿರಬೇಕು. ಕೈಬಿಟ್ಟರೆ ತಾನೇ ನೆಟ್ಟಗಾಗುವ ಪೆನೋನ ಗುಣ ಅದರಲ್ಲಿರಬೇಕು. ರೆಕ್ಕೆಯ ಅಗಲದಲ್ಲಿ ಮುಂಚೂಣಿಯಿಂದ ಸುಮಾರು ಮೂರನೆಯ ಒಂದು ಭಾಗ ಹಿಂದಕ್ಕೆ ಎರಡು ಬೆರಳುಗಳ ಮೇಲೆ ವಿಮಾನವನ್ನು ಎತ್ತಿ ಹಿಡಿದಾಗ ಮೂಗು ತುಸು ಕೆಳಗಿರಬೇಕು. ಬಾಲ ಭಾರವಾಗಿ ಕುಸಿದರೆ ಹಾರಿಸದೆ ಮನೆಗೆ ಹಿಂದಿರುಗುವುದೇ ಜಾಣತನ.

ಬಿದ್ದ ಮೇಲಿನ ಕೆಲಸದಲ್ಲಿ ನೈರೋಬಿ ಬಹಳ ಉದಾರಿ. ಯಂತ್ರ ಬಲ್ಲವನಿಗೆ ಇಲ್ಲಿ ‘ಫುಂಡಿ’ ಎಂಬ ಗೌರವದ ಹೆಸರಿದೆ. ಬಿಸಿಲಿನಲ್ಲಿ ಕುಳಿತು ತಗಡು ಬಡಿಯುವ, ಬೆಸೆಯುವ ‘ಜುವಾ ಕಾಲಿ’ ಕೆಲಸಗಾರರು ಚಕ್ರದ ತಂತಿಯನ್ನು ನೋಡಿದ ಮಾತ್ರಕ್ಕೆ ಅಂಥದೇ ಇನ್ನೊಂದನ್ನು ಬಾಗಿಸಿಕೊಡಬಲ್ಲರು. ಮುರಿದ ಬಾಲ್ಸಾವನ್ನು ಕತ್ತರಿಸಿ ಎಸೆಯಬಾರದು. ಸೀಳಿದ ಅಂಚುಗಳು ಒಂದರೊಳಗೊಂದು ಕೂಡುವಂತೆ ಅಂಟಿಸಿದರೆ ಆ ಬೆಸುಗೆ ಹೊಸ ಮರಕ್ಕಿಂತ ಗಟ್ಟಿ. ಹೊದಿಕೆಯ ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಸಡಿಲವಾದರೆ ಹದವಾದ ಶಾಖದ ಇಸ್ತ್ರಿಪೆಟ್ಟಿಗೆ ಸಾಕು. ಇಸ್ತ್ರಿಪೆಟ್ಟಿಗೆಯ ಒಡತಿಯ ಅನುಮತಿಯನ್ನು ಮೊದಲೇ ಪಡೆಯುವುದು ಗೃಹಶಾಂತಿಗೆ ಒಳ್ಳೆಯದು. ಲಿಥಿಯಂ ಬ್ಯಾಟರಿಯ ವಿಷಯದಲ್ಲಿ ಮಾತ್ರ ಹಾಸ್ಯ ಸಲ್ಲದು. ಪ್ರತಿ ಕೋಶಕ್ಕೆ 4.2 ವೋಲ್ಟಿಗಿಂತ ಹೆಚ್ಚು ತುಂಬಬಾರದು, 3 ವೋಲ್ಟಿಗಿಂತ ಕೆಳಗಿಳಿಸಬಾರದು, ಮಳೆಗಾಲದಲ್ಲಿ ಎತ್ತಿಡುವಾಗ 3.8ರ ಸುಮಾರಿನಲ್ಲಿಡಬೇಕು, ಉಬ್ಬಿದ್ದನ್ನು ಮತ್ತೆ ಬಳಸಬಾರದು. ಊರಿಗೆ ಹೋಗಿಬರುವಾಗ ಇವನ್ನು ಕೈಚೀಲದಲ್ಲಿ, ತುದಿಗಳಿಗೆ ಪಟ್ಟಿ ಸುತ್ತಿ ಒಯ್ಯಬೇಕೇ ಹೊರತು ಸರಕಿನ ಪೆಟ್ಟಿಗೆಯಲ್ಲಿ ಅಲ್ಲ.

ಕಾನೂನನ್ನೂ ಮರೆಯುವಂತಿಲ್ಲ. ಡ್ರೋನುಗಳು ಹೆಚ್ಚಿದ ಮೇಲೆ ಸರ್ಕಾರಗಳು ಹಾರುವ ಪ್ರತಿಯೊಂದು ವಸ್ತುವನ್ನೂ ಸಂಶಯದಿಂದ ನೋಡತೊಡಗಿವೆ. ಚಾಲಕರಹಿತ ವಿಮಾನಗಳ ನಿಯಮಾವಳಿಯನ್ನು ಕೀನ್ಯಾ 2020ರಲ್ಲಿ ಹೊರಡಿಸಿತು, ಭಾರತ 2021ರಲ್ಲಿ. ರಜೆಗೆ ಬರುವ ಸೋದರಮಾವ ಅಕ್ಕರೆಯಿಂದ ತಂದ ಉಡುಗೊರೆ ನಿಲ್ದಾಣದ ಸುಂಕದ ಕಟ್ಟೆಯಲ್ಲಿಯೇ ಉಳಿಯಬಾರದೆಂದಿದ್ದರೆ, ತರುವ ಮುನ್ನವೇ ಕೀನ್ಯಾ ನಾಗರಿಕ ವಿಮಾನಯಾನ ಪ್ರಾಧಿಕಾರವನ್ನು ವಿಚಾರಿಸಬೇಕು. ವಿಮಾನ ನಿಲ್ದಾಣಗಳ ಸುತ್ತ, ರಾಷ್ಟ್ರೀಯ ಉದ್ಯಾನದ ಮೇಲೆ, ಜನವಸತಿಯ ಮೇಲೆ ಹಾರಿಸುವ ಯೋಚನೆಯೂ ಬೇಡ. ಮಗು ಹಾರಿಸಿದರೂ ಹೊಣೆ ತಾಯ್ತಂದೆಯರದು.

ಕಟ್ಟುವ ಕೈಗೂ ಹಾರಿಸುವ ಕೈಗೂ ಇರುವ ನಂಟಿನ ಮಾತನ್ನು ಆರಂಭದಲ್ಲಿ ಎತ್ತಿದೆವು. ಅದಕ್ಕೆ ಸಂಬಂಧಿಸಿದ ಒಂದು ವೃತ್ತಾಂತವನ್ನು ಹೇಳಿ ತಮ್ಮ ಪ್ರಶ್ನೆಗಳಿಗೆ ಎಡೆಮಾಡಿಕೊಡುತ್ತೇವೆ. ಅಮೆರಿಕದ ಮೇನಾರ್ಡ್ ಹಿಲ್ ಎಂಬ ವೃದ್ಧ, ಕಣ್ಣು ಬಹುಮಟ್ಟಿಗೆ ಕಾಣದ, ಕಿವಿ ಮಂದವಾದ ಎಪ್ಪತ್ತೇಳರ ವಯಸ್ಸಿನಲ್ಲಿ, ಅಟ್ಲಾಂಟಿಕ್ ಸಾಗರವನ್ನು ಮಾದರಿ ವಿಮಾನದಿಂದ ದಾಟಿಸಲು ಹೊರಟ. ಕಣ್ಣಿಗಿಂತ ಬೆರಳನ್ನೇ ನಂಬಿ ಬಾಲ್ಸಾ ಮರದಿಂದ ಕಟ್ಟಿದ ವಿಮಾನಗಳು ಒಂದರ ಹಿಂದೊಂದು ಕಡಲು ಸೇರಿದುವು. ಪ್ರತಿಸಲವೂ ಎಲ್ಲಿ ತಪ್ಪಿತೆಂದು ಗೆಳೆಯರೊಡನೆ ಲೆಕ್ಕ ಹಾಕಿ ಇನ್ನೊಂದನ್ನು ಕಟ್ಟಿದ. ಇಂಧನ ಸೇರಿ 5 ಕಿಲೋಗ್ರಾಮಿಗಿಂತ ಕಡಮೆ ತೂಗುವ ಐದನೆಯ ವಿಮಾನವನ್ನು 2003ರ ಆಗಸ್ಟ್ 9ರ ಸಂಜೆ ನ್ಯೂಫೌಂಡ್‌ಲೆಂಡಿನ ಕೇಪ್ ಸ್ಪಿಯರಿನಲ್ಲಿ ಕೈಯಿಂದ ಎಸೆದು ಗಾಳಿಗೆ ಬಿಟ್ಟರು. ಕಣ್ಣಿಗೆ ಮರೆಯಾದ ಮೇಲೆ ಉಪಗ್ರಹಗಳ ಸಂಕೇತವನ್ನು ಆಧರಿಸಿ ಅದು ತಾನೇ ದಾರಿ ಹಿಡಿದು, ಎರಡು ರಾತ್ರಿ ಕಳೆದು, 38 ಗಂಟೆ 52 ನಿಮಿಷಗಳಲ್ಲಿ ಸುಮಾರು 3,030 ಕಿಲೋಮೀಟರ್ ದಾಟಿ ಐರ್ಲೆಂಡಿನ ಮ್ಯಾನಿನ್ ಕಡಲತೀರವನ್ನು ತಲುಪಿತು. 1919ರಲ್ಲಿ ಅಟ್ಲಾಂಟಿಕ್ಕನ್ನು ಎಲ್ಲಿಯೂ ನಿಲ್ಲದೆ ಮೊದಲು ದಾಟಿದ ಆಲ್ಕಾಕ್ ಮತ್ತು ಬ್ರೌನ್ ಇಳಿದ ಜಾಗ ಅಲ್ಲಿಗೆ ಸಮೀಪ. ದಡದಲ್ಲಿ ಕಾದು ನಿಂತಿದ್ದ ಗೆಳೆಯ ಡೇವ್ ಬ್ರೌನ್ ಟ್ರಾನ್ಸ್‌ಮಿಟರ್ ಹಿಡಿದು ಅದನ್ನು ತನ್ನ ವಶಕ್ಕೆ ಪಡೆದು, ಹುಲ್ಲಿನ ಮೇಲೆ ಇಳಿಸಿದ. ತೊಟ್ಟಿಯಲ್ಲಿ ಆಗ ಇನ್ನೂ ಕೆಲವು ಚಮಚೆಗಳಷ್ಟು ಇಂಧನ ಉಳಿದಿತ್ತು.